ಗುಳಿಗೆ ಪರೇಡ್

ಜಲಾಶಯ ರಕ್ಷಣಾ ದಳದವರ ಹೊಟ್ಟೆ ಕರಗಿಸಬೇಕೆಂದು ಸರ್ಕಾರ ತೀರ್ಮಾನಿಸಿದ್ದು ಒಂದು ಫೋಟೋದ ದೆಸೆಯಿಂದ. ಸಂಗಾಪುರ ಅಣೆಕಟ್ಟು ತುಂಬಿದಾಗ ಮಂತ್ರಿಗಳು ಬಂದು ಬಾಗಿನ ಬಿಟ್ಟರು. ಅವರ ಹಿಂದೆ ಒಂಬತ್ತು ಮಂದಿ ಕಾವಲಿನವರು ಸಾಲಾಗಿ ನಿಂತಿದ್ದರು. ಮರುದಿನ ಆ ಫೋಟೋದಲ್ಲಿ ಜನ ನೀರನ್ನೂ ನೋಡಲಿಲ್ಲ, ಮಂತ್ರಿಗಳನ್ನೂ ನೋಡಲಿಲ್ಲ. ಒಂಬತ್ತು ಹೊಟ್ಟೆಗಳನ್ನು ಎಣಿಸಿ ನಕ್ಕರು. ಕಾಲುವೆಯ ನೀರು ಕಳ್ಳತನವಾಗುವುದನ್ನು ಹತ್ತು ವರ್ಷ ಸಹಿಸಿಕೊಂಡಿದ್ದ ಇಲಾಖೆಗೆ ಆ ನಗುವನ್ನು ಒಂದು ದಿನವೂ ಸಹಿಸಲಾಗಲಿಲ್ಲ.

ಎಡದಿಂದ ಮೂರನೆಯ ಹೊಟ್ಟೆ ನನ್ನ ಅಣ್ಣ ಪರಸಪ್ಪ ಬಾರಕೇರನದು. ದಳದಲ್ಲಿ ಹವಾಲ್ದಾರ. ನಾವು ಅಂಬಿಗರು, ಅಪ್ಪ ಇದೇ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅಣ್ಣ ಅದೇ ನೀರನ್ನು ಬಂದೂಕು ಹಿಡಿದು ಕಾಯುವ ಕೆಲಸಕ್ಕೆ ಸೇರಿ ನನ್ನನ್ನು ಓದಿಸಿದ. ಈಗ ನಾನು ಜಿಲ್ಲೆಯ ವೈದ್ಯಕೀಯ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ‘ಡಾ. ಇಂದುಮತಿ ಬಾರಕೇರ, ವಿಭಾಗ ಮುಖ್ಯಸ್ಥೆ’ ಎಂದು ಬಾಗಿಲ ಮೇಲೆ ಹಿತ್ತಾಳೆ ಫಲಕವಿದೆ. ಲಘಿಮಾ ಎಂಬ ಗುಳಿಗೆಯನ್ನು ದಳಕ್ಕೆ ಕೊಡಬಹುದೇ ಎಂದು ಇಲಾಖೆ ಕೇಳಿದ್ದು ಆ ಫಲಕವನ್ನು. ಕೊಡಬಹುದು ಎಂದು ಬರೆದುಕೊಟ್ಟವಳು ನಾನು.

ಲಘಿಮಾ ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು. ನಮ್ಮ ಮಿದುಳು ಗಾಂಜಾದ ಗುಣವುಳ್ಳ ಒಂದು ವಸ್ತುವನ್ನು ತನಗೆ ಬೇಕಾದಾಗ ತಾನೇ ತಯಾರಿಸಿಕೊಳ್ಳುತ್ತದೆ. ಕಂಡುಹಿಡಿದವರು ನಮ್ಮ ‘ಆನಂದ’ವನ್ನೇ ಎರವಲು ಪಡೆದು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಅದು ಬಂದು ಕೂರುವುದಕ್ಕೆ ನರಕೋಶಗಳ ಮೇಲೆ ಪೀಠಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಮಿತಿಮೀರಿ ಕೂಗತೊಡಗಿದರೆ, ಕೇಳಿಸಿಕೊಳ್ಳುವ ಕೋಶ ಈ ವಸ್ತುವನ್ನು ಹಿಂದಕ್ಕೆ ಕಳಿಸಿ ‘ಸಾಕು’ ಎನ್ನುತ್ತದೆ. ಹೆದರಿಕೆ ಬಂದಮೇಲೆ ಎದೆ ತಣ್ಣಗಾಗುವುದು, ದುಃಖ ತುಸು ಹೊತ್ತಿಗೆ ಸಡಿಲಾಗುವುದು, ಉಂಡದ್ದು ರುಚಿಸುವುದು, ಇವೆಲ್ಲದರಲ್ಲೂ ಆ ‘ಸಾಕು’ವಿನ ಪಾಲಿದೆ. ಇಂಥವೇ ಪೀಠಗಳು ಕರುಳಿನಲ್ಲೂ ಕೊಬ್ಬಿನಲ್ಲೂ ಇವೆ. ಅಲ್ಲಿ ಅವು ಮೈ ಬೆಳೆಸುತ್ತವೆ. ಅವಕ್ಕೆ ಬೀಗ ಹಾಕಿದರೆ ಮನುಷ್ಯ ಸಣ್ಣಗಾಗುತ್ತಾನೆ.

ಬಹಳ ಹಿಂದೆ ಇಂಥ ಬೀಗದ ಗುಳಿಗೆ ಬಂದಿತ್ತು. ತಿಂದವರು ಸಣ್ಣಗಾದರು, ಕೆಲವರು ಬದುಕೇ ಬೇಡವೆಂದರು. ಗುಳಿಗೆಯನ್ನು ಹಿಂತೆಗೆದುಕೊಂಡರು. ಲಘಿಮಾ ತಯಾರಿಸಿದ ಕಂಪನಿ ಜಾಣತನ ಮಾಡಿ ಅಣುವಿಗೊಂದು ಭಾರದ ಬಾಲ ಅಂಟಿಸಿತ್ತು. ರಕ್ತಕ್ಕೂ ಮಿದುಳಿಗೂ ನಡುವಿನ ಗೋಡೆಯನ್ನು ಆ ಬಾಲ ದಾಟಲಾರದು. ಆದ್ದರಿಂದ ಬೀಗ ಹೊಟ್ಟೆಗೆ ಮಾತ್ರ. ನಾನೂರು ಜನರ ಮೇಲೆ ಪರೀಕ್ಷಿಸಿದ ವರದಿಯನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿ ಕಳಿಸಿದರು. ನಾನು ಓದಿ ಮೆಚ್ಚಿದೆ. ಆ ನಾನೂರು ಜನ ಯಾರು, ದಿನವಿಡೀ ಎಲ್ಲಿ ಕೂತು ಏನು ಕೆಲಸ ಮಾಡುವವರು ಎಂದು ಕೇಳಲಿಲ್ಲ. ವಿಭಾಗ ಮುಖ್ಯಸ್ಥರು ಅಷ್ಟು ಸಣ್ಣ ಪ್ರಶ್ನೆ ಕೇಳುವುದಿಲ್ಲ.

ಸಂಕ್ರಾಂತಿಯ ಮರುದಿನದಿಂದ ಗುಳಿಗೆ ಪರೇಡ್ ಶುರುವಾಯಿತು. ಕಮಾಂಡೆಂಟ್ ಕೀರ್ತಿವರ್ಧನ್ ಎಂಬ, ಬೆಲ್ಟಿನ ಬಕಲ್ಲಿನಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳುವ ಗಂಡಸು ಈ ಏರ್ಪಾಡಿನ ಕರ್ತೃ. ಬೆಳಿಗ್ಗೆ ಆರಕ್ಕೆ ಹಾಜರಿ. ಒಬ್ಬೊಬ್ಬರೂ ಮುಂದೆ ಬಂದು, ಸೆಲ್ಯೂಟ್ ಹೊಡೆದು, ಗುಳಿಗೆ ನುಂಗಿ, ಬಾಯಿ ತೆರೆದು ನಾಲಗೆ ಎತ್ತಿ ತೋರಿಸಬೇಕು. ಐವತ್ತು ದಾಟಿದ ಗಂಡಸರು, ಹೆಣ್ಣುಮಕ್ಕಳ ಮದುವೆ ಮಾಡಿದವರು, ಸಂತೆಯ ಎತ್ತುಗಳ ಹಾಗೆ ಹಲ್ಲು ತೋರಿಸಿದರು. ವಾರಕ್ಕೊಮ್ಮೆ ಟೇಪು ಹಿಡಿದು ಸೊಂಟದ ಅಳತೆ. ಅಂಕಿಗಳು ರಾಜಧಾನಿಗೆ ಹೋದವು. ಅಲ್ಲಿಂದ ಮೆಚ್ಚುಗೆಯ ಪತ್ರ ಬಂತು.

ಗುಳಿಗೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯಲಾರೆ. ಮಾರ್ಚ್ ಮುಗಿಯುವಷ್ಟರಲ್ಲಿ ಅಣ್ಣನ ಪ್ಯಾಂಟು ಎರಡು ಸಲ ಒಳಗೆ ಹಿಡಿಸಬೇಕಾಯಿತು. ಕ್ವಾರ್ಟರ್ಸಿನ ನೆರೆಹೊರೆಯವರೆಲ್ಲ ‘ಹವಾಲ್ದಾರ್ರು ವಯಸ್ಸಿನ್ಯಾಗ ಹಿಂದಕ್ಕ ಹೊಂಟಾರ’ ಎಂದು ಹೊಗಳಿದರು. ತೆಳ್ಳಗಾದ ಮನುಷ್ಯನನ್ನು ಕಂಡರೆ ನಮ್ಮ ಜನಕ್ಕೆ ಎಂಥದೋ ಭಕ್ತಿ ಬಂದಿದೆ. ಅವನು ಯಾಕೆ ತೆಳ್ಳಗಾದ ಎಂದು ಕೇಳುವಷ್ಟು ಪುರುಸೊತ್ತು ಆ ಭಕ್ತಿಗೆ ಇರುವುದಿಲ್ಲ.

ಏಪ್ರಿಲಿನ ಒಂದು ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋದೆ. ಅಣ್ಣನ ಹೆಂಡತಿ, ವೈನಿ ಕಾಶವ್ವ, ಹೊಳೆಮೀನಿನ ಸಾರು ಮಾಡಿದ್ದಳು. ಮೀನಿನ ಸಾರೆಂದರೆ ಅಣ್ಣ ತಾಟು ತಾನೇ ಹಾಕಿಕೊಂಡು ಕೂರುವವನು, ಉಣ್ಣುವಾಗ ಅಪ್ಪನ ಕಾಲದ ಕತೆ ಹೇಳಿ ನಗಿಸುವವನು. ಅಂದು ಅರ್ಧ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

“ಯಾಕ ಅಣ್ಣಾ, ಉಣವಲ್ಲಿ?” ಎಂದೆ.

“ಉಣ್ಣಾಕತ್ತೇನಲ್ಲ,” ಎಂದ. ರೊಟ್ಟಿ ತಾಟಿನಲ್ಲಿಟ್ಟು, “ಮಣ್ಣ ತಿಂದಂಗ ಆಗ್ತೈತಿ ಇಂದೂ,” ಎಂದ. ದೂರಿನ ದನಿ ಇರಲಿಲ್ಲ. ಗೇಟಿನ ನೀರಿನ ಮಟ್ಟ ವರದಿ ಮಾಡುವವನ ದನಿ ಅದು.

ಅವನು ಎದ್ದುಹೋದ ಮೇಲೆ ವೈನಿ ನನ್ನೆದುರು ಕೂತಳು. “ಸಿಟ್ಟು ಮಾಡವಲ್ರು, ನಗವಲ್ರು. ಮನ್ನೆ ಪಲ್ಲವಿ ಪರೀಕ್ಷಾದಾಗ ಪಾಸಾತು, ‘ಆತು ಬಿಡು’ ಅಂದ್ರು. ಒಬ್ಬಳ ಮಗಳು. ನೀ ಕೊಡ್ಸಿದ ಗುಳಿಗಿ ಏನರ ಮಾಡೇತೇನು?”

“ಅದು ಮಿದುಳಿಗೆ ಹೋಗೂದಿಲ್ಲ ವೈನಿ,” ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದು ನೆನೆದರೆ ಈಗಲೂ ನನ್ನ ನಾಲಗೆಯ ಮೇಲೆ ನನಗೆ ಅಸಹ್ಯವಾಗುತ್ತದೆ.

ಮೇ ತಿಂಗಳ ಎರಡನೇ ವಾರ ಶಿವಪುತ್ರ ತೇಲಿ ಸತ್ತ. ಅಣ್ಣನ ತುಕಡಿಯವನು, ನಲವತ್ತರ ಆಸುಪಾಸು, ಹಾಡು ಹೇಳಿ ಇಡೀ ತುಕಡಿಯನ್ನು ಎಚ್ಚರವಿಡುತ್ತಿದ್ದವನು. ಮಟಮಟ ಮಧ್ಯಾಹ್ನ ಕಾವಲು ಬದಲಾಯಿಸುವ ಹೊತ್ತಿಗೆ ಬಂದೂಕನ್ನೂ ಬೂಟುಗಳನ್ನೂ ಕಟ್ಟೆಯ ಮೇಲೆ ನೀಟಾಗಿ ಇಟ್ಟು ತಾನು ಕಾಯುತ್ತಿದ್ದ ನೀರಿನೊಳಗೆ ಇಳಿದುಹೋದ. ಅವನನ್ನು ಮೇಲೆತ್ತಿದವನು ನನ್ನಣ್ಣ. ಕರ್ತವ್ಯದ ವೇಳೆ ಕಾಲು ಜಾರಿ ಮರಣ ಎಂದು ಕಮಾಂಡೆಂಟರು ವರದಿ ಬರೆದರು. ಕಾಲು ಜಾರುವ ಮನುಷ್ಯ ಮೊದಲು ಬೂಟು ಬಿಚ್ಚಿ ಜೋಡಿಸಿಡುತ್ತಾನೆಯೇ ಎಂದು ಯಾರೂ ಅವರನ್ನು ಕೇಳಲಿಲ್ಲ.

ಮಣ್ಣಿಗೆ ಹೋಗಿ ಬಂದ ಅಣ್ಣ ನನ್ನ ಹತ್ತಿರ ಒಂದೇ ಮಾತು ಹೇಳಿದ: “ಅಂವಾ ನನ್ನ ತಮ್ಮ ಇದ್ದಂಗ ಇದ್ದ. ಹೊತ್ತು ತರೂ ಮುಂದ ಕಲ್ಲ ಹೊತ್ತಂಗ ಅನಸ್ತು. ನನಗ ಅಳು ಬರವಲ್ದು ಇಂದೂ. ನಾನೂ ಅಲ್ಲೇ ನಿಂತು ನೀರು ನೋಡ್ತೇನಿ ದಿನಾ.”

ಆ ದಿನ ನಾನು ಪ್ರಯೋಗಾಲಯಕ್ಕೆ ಹೋಗಿ ಆ ನುಣುಪು ವರದಿಯನ್ನು ಮತ್ತೆ ತೆಗೆದೆ.

ದಳದ ವೈದ್ಯರು ಅಷ್ಟರಲ್ಲಿ ಇಪ್ಪತ್ತು ಮಂದಿಗೆ ಖಿನ್ನತೆಯ ಗುಳಿಗೆ ಬರೆದಿದ್ದರು. ಕಂಪನಿಯೇ ಕೊಟ್ಟ ಸಲಹೆಯಂತೆ. ಆ ಗುಳಿಗೆಯನ್ನೂ ಅದೇ ಕಂಪನಿ ತಯಾರಿಸುತ್ತಿತ್ತು. ಒಂದು ಕೈಯಲ್ಲಿ ಗಾಯ, ಇನ್ನೊಂದು ಕೈಯಲ್ಲಿ ಪಟ್ಟಿ. ಆರು ವಾರ ಕಳೆದರೂ ಒಬ್ಬನಿಗೂ ಗುಣವಾಗಿರಲಿಲ್ಲ. ಇದು ನನ್ನನ್ನು ಚುಚ್ಚಿತು. ಆ ಗುಳಿಗೆಗಳು ಎಲ್ಲರಿಗೂ ಒಗ್ಗುವುದಿಲ್ಲ, ನಿಜ. ಆದರೆ ಇಪ್ಪತ್ತರಲ್ಲಿ ಒಬ್ಬನಿಗೂ ಇಲ್ಲವೆಂದರೆ? ಖಿನ್ನತೆಯ ಔಷಧಗಳು ಮನಸ್ಸನ್ನು ಎತ್ತುವ ದಾರಿಗಳಲ್ಲಿ ಒಂದು ಇದೇ ಆನಂದಮೈಡಿನ ಪೀಠಗಳ ಮೂಲಕ ಹೋಗುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿದ್ದವು. ಪೀಠಕ್ಕೆ ಬೀಗ ಬಿದ್ದ ಇಲಿಗಳಲ್ಲಿ ಕೆಲವು ಔಷಧಗಳು ಕೆಲಸ ಮಾಡಿರಲಿಲ್ಲ. ನಮ್ಮವರಿಗೂ ಹಾಗೆಯೇ ಆಗಿದ್ದರೆ, ಲಘಿಮಾ ಗೋಡೆ ದಾಟಿದೆ ಎಂದರ್ಥ. ಹೇಗೆ ದಾಟಿತು ಎಂಬುದು ಮಾತ್ರ ತಿಳಿಯಲಿಲ್ಲ.

ತಿಳಿಸಿದವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕಾಶವ್ವ. ಒಂದು ಸಂಜೆ ನಾನು ಹೋದಾಗ ಅಣ್ಣನ ಯೂನಿಫಾರಂ ಒಗೆಯುತ್ತಿದ್ದಳು. ಬೆನ್ನ ಮೇಲೆ ಬೆವರಿನ ಉಪ್ಪು ಬಿಳಿಯ ಗೆರೆಯಾಗಿ ಕೂತಿತ್ತು.

“ಇಂದೂ, ಒಂದ್ ಮಾತು. ಆಫೀಸಿನ್ಯಾಗ ಬರಿಯೋ ಕೆಲಸ ಮಾಡವ್ರೂ ಇದ ಗುಳಿಗಿ ನುಂಗ್ತಾರ. ಅವರ ಹೆಂಡ್ರನ್ನ ಕೇಳೀನಿ. ಅವರು ತೆಳ್ಳಗ ಆಗ್ಯಾರ, ಆರಾಮ ಅದಾರ, ಜಗಳಾನೂ ಆಡ್ತಾರ. ಕಟ್ಟಿ ಮ್ಯಾಲ ಬಿಸಲಾಗ ನಿಂತವರಷ್ಟ ಹಿಂಗ ಆಗ್ಯಾರ. ಬಿಸಲಿಗೂ ಇದಕ್ಕೂ ಏನರ ಐತೇನು?”

ಅತಿಯಾದ ಬಿಸಿಲಿನಲ್ಲಿ, ಮೈನೀರು ಬತ್ತಿದಾಗ, ಆ ಗೋಡೆ ಸಡಿಲವಾಗುತ್ತದೆ. ಅಣೆಕಟ್ಟಿನ ಕಲ್ಲಿನ ಮೇಲೆ ಮೇ ತಿಂಗಳ ಬಿಸಿ ನಲವತ್ತಾರು. ಮರುದಿನ ಕಂಪನಿಗೆ ಫೋನು ಮಾಡಿ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಪರೀಕ್ಷೆಯ ನಾನೂರು ಜನರೂ ತಂಪು ಕೋಣೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುವವರು. ಈ ದೇಶದಲ್ಲಿ ಬಿಸಿಲಿನಲ್ಲಿ ನಿಲ್ಲುವವರೂ ಇದ್ದಾರೆಂಬುದು ಆ ಪಂಡಿತರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ನನ್ನ ಕೋಣೆಯೂ ತಂಪಾಗಿಯೇ ಇದೆ.

ಕಮಾಂಡೆಂಟರ ಕಚೇರಿಗೆ ಹೋದೆ. ಗೋಡೆಯ ಮೇಲೆ ಸೊಂಟದ ಅಳತೆಯ ನಕ್ಷೆ ಇಳಿಜಾರಾಗಿ ಇಳಿಯುತ್ತಿತ್ತು.

“ನೋಡಿ ಮೇಡಂ, ಮಂತ್ರಿಗಳು ಮುಂದಿನ ತಿಂಗಳು ಬರ್ತಿದ್ದಾರೆ. ಸುದೃಢ ದಳ ಪ್ರಶಸ್ತಿ ನಮಗೇ ಅಂತ ಆಗಿದೆ. ಈಗ ನಿಲ್ಲಿಸೋಕಾಗಲ್ಲ,” ಎಂದರು.

“ಒಬ್ಬ ಸತ್ತಿದ್ದಾನೆ.”

“ಕಾಲು ಜಾರಿ. ಮತ್ತೆ ಗುಳಿಗೆ ಸುರಕ್ಷಿತ ಅಂತ ಬರೆದುಕೊಟ್ಟಿರೋರು ನೀವೇ ಅಲ್ವಾ? ಫೈಲ್ ತರಿಸಲಾ?”

ಅಂಥ ಮನುಷ್ಯನ ಬಾಯಲ್ಲಿ ಸತ್ಯ ಬಂದಾಗ ಅದಕ್ಕೂ ಒಂದು ಕೊಳೆ ಹತ್ತುತ್ತದೆ. ಎದ್ದು ಬಂದೆ.

ಸಾಬೀತು ಮಾಡಲು ಒಂದೇ ದಾರಿ ಇತ್ತು. ಮಿದುಳನ್ನು ತೊಳೆಯುವ ದ್ರವವೇ ಬೆನ್ನುಹುರಿಯ ಸುತ್ತಲೂ ಇರುತ್ತದೆ. ಬೆನ್ನಿಗೆ ಸೂಜಿ ಹಾಕಿ ಅದರ ಕೆಲವು ಹನಿ ತೆಗೆದರೆ, ಲಘಿಮಾ ಅಲ್ಲಿದೆಯೋ ಇಲ್ಲವೋ ನಮ್ಮ ಯಂತ್ರ ಹೇಳುತ್ತದೆ. ನಮ್ಮ ಕಡೆ ಜನ ಹಾವಿಗಿಂತ ಹೆಚ್ಚು ಹೆದರುವುದು ಬೆನ್ನಿನ ನೀರು ತೆಗೆಯುವುದಕ್ಕೆ. ಕಾಲು ಬಿದ್ದುಹೋಗುತ್ತವೆ ಎಂಬ ನಂಬಿಕೆ. ಕಾಲೇಜಿನ ಸಮಿತಿಯ ಒಪ್ಪಿಗೆಯೇನೋ ಸಿಕ್ಕಿತು, ಬೆನ್ನು ಕೊಡುವವರು ಯಾರು?

ಕಾಶವ್ವ ಕ್ವಾರ್ಟರ್ಸಿನ ಮನೆಮನೆಗೆ ಹೋದಳು. ಗಂಡಸರ ಜೊತೆ ಮಾತಾಡಲಿಲ್ಲ, ಅವರ ಹೆಂಡಂದಿರ ಜೊತೆ ಮಾತಾಡಿದಳು. ಒಂದು ವಾರದಲ್ಲಿ ಕಟ್ಟೆಯ ಮೇಲಿನ ಆರು ಮಂದಿ, ಆಫೀಸಿನ ಮೂವರು ರಜೆ ಹಾಕಿ ಆಸ್ಪತ್ರೆಗೆ ಬಂದರು. ಮೊದಲು ಮಗ್ಗುಲಾಗಿ ಮಲಗಿದವನು ಅಣ್ಣ. ಮೊಣಕಾಲು ಎದೆಗೆ ಹಚ್ಚಿಕೊಂಡು, ಸೂಜಿ ಹೋಗುವಾಗ ಮಿಸುಕಲಿಲ್ಲ.

“ನೋವಾತೇನ್ರೀ ಹವಾಲ್ದಾರ್ರ?” ಎಂದು ನನ್ನ ಸಹೋದ್ಯೋಗಿ ಕೇಳಿದರು.

“ಆಗಿದ್ರ ಚೊಲೋ ಇತ್ತು,” ಎಂದ.

ಯಂತ್ರದ ಪರದೆಯ ಮೇಲೆ ಆರು ಮಂದಿಯ ದ್ರವದಲ್ಲೂ ಲಘಿಮಾದ ಶಿಖರ ಎದ್ದು ನಿಂತಿತು. ಆಫೀಸಿನ ಮೂವರಲ್ಲಿ ಗೆರೆ ಬೋಳುಬಯಲಿನಂತೆ ಚಪ್ಪಟೆ. ಇಪ್ಪತ್ತು ವರ್ಷದ ನನ್ನ ವೃತ್ತಿಯಲ್ಲಿ ಅಷ್ಟು ಸ್ಪಷ್ಟವಾದ ಫಲಿತಾಂಶ ನೋಡಿರಲಿಲ್ಲ. ಅದನ್ನು ಊಹಿಸಿದವಳು ಬಟ್ಟೆ ಒಗೆಯುತ್ತಾ ಊಹಿಸಿದ್ದಳು.

ವರದಿಯನ್ನು ಕಂಪನಿಗೆ ಕಳಿಸಿದೆ. ಅವರ ವೈದ್ಯಕೀಯ ಸಲಹೆಗಾರ, ಡಾ. ನಿಶಾಂತ್ ಎಂಬ ತರುಣ, ಪರದೆಯ ಮೇಲೆ ಬಂದು ತುಂಬ ನಯವಾಗಿ ಮಾತಾಡಿದ. “ಒಂಬತ್ತೇ ಜನ, ಮೇಡಂ. ಅದರಲ್ಲೊಬ್ಬರು ನಿಮ್ಮ ಅಣ್ಣ. ಇದನ್ನ ವಿಜ್ಞಾನ ಅನ್ನೋಕೆ ಆಗುತ್ತಾ? ಬೇಕಿದ್ರೆ ‘ನೆರಳಿನಲ್ಲಿ ಬಳಸಿ’ ಅಂತ ಡಬ್ಬಿ ಮೇಲೆ ಸೇರಿಸ್ತೀವಿ.”

ಮನುಷ್ಯರನ್ನು ಉಪ್ಪಿನಕಾಯಿಯಂತೆ ನೆರಳಿನಲ್ಲಿ ಇಡಬೇಕೆಂದು ಹೇಳಿದ ಮೊದಲ ವೈದ್ಯ ಅವನೇ ಇರಬೇಕು. ಪರದೆ ಮುಚ್ಚಿದೆ. ಅಣ್ಣನಿಗೆ ಎಲ್ಲ ಹೇಳಿ, ವರದಿಯ ಪ್ರತಿ ಕೈಗಿಟ್ಟೆ. ಅವನು ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡ.

ಮರುದಿನ ಬೆಳಿಗ್ಗೆ ನಾನೂ ಪರೇಡಿನ ಮೈದಾನಕ್ಕೆ ಹೋದೆ. ಕಮಾಂಡೆಂಟರ ಕೈಗೇ ವರದಿ ಕೊಟ್ಟು ಸಹಿ ಪಡೆಯಬೇಕಿತ್ತು. ಅವರು ಕಾಯಿಸಿದರು. ಮೇಜಿನ ಮೇಲೆ ಗುಳಿಗೆಯ ತಟ್ಟೆ, ನೀರಿನ ಲೋಟಗಳು. ಅಣ್ಣನ ಸರದಿ ಬಂತು. ಮುಂದೆ ಬಂದು ಸೆಲ್ಯೂಟ್ ಹೊಡೆದ. ಗುಳಿಗೆ ಮುಟ್ಟಲಿಲ್ಲ.

“ಒಲ್ಲೆ ಸಾಹೇಬ್ರ,” ಎಂದ.

“ಏನದು?”

“ಇದು ನನ್ನ ತಲಿಯೊಳಗ ಹೊಕ್ಕೈತಿ. ಕಾಗದ ಐತಿ ನನ್ನ ಕಡೆ.” ನಂತರ ಹೆಗಲಿನಿಂದ ಬಂದೂಕು ಇಳಿಸಿ, ಗುಂಡು ತೆಗೆದು, ಎರಡನ್ನೂ ತಟ್ಟೆಯ ಪಕ್ಕದಲ್ಲಿಟ್ಟ. “ಇದನ್ನೂ ಇಟ್ಟಕೊಳ್ರಿ. ಸದ್ಯ ನನ್ನ ಕೈಯಾಗ ಇದು ಇರಬಾರ್ದು. ಶಿವಪುತ್ರ ಯಾಕ ಹ್ವಾದ ಅನ್ನೂದು ನನಗ ಗೊತ್ತೈತಿ. ನನಗೂ ಹಂಗ ಅನಸ್ತೈತಿ.”

ಇಂಥ ಮಾತನ್ನು ಇನ್ನೂರು ಜನರ ಮುಂದೆ ಒಬ್ಬ ಹವಾಲ್ದಾರ ಹೇಳಿದ್ದನ್ನು ಆ ಮೈದಾನ ಕೇಳಿರಲಿಲ್ಲ. ಕಮಾಂಡೆಂಟರು ಅವನನ್ನು ಅಲ್ಲೇ ಅಮಾನತು ಮಾಡಿದರು. ಅಷ್ಟರಲ್ಲಿ ಸಾಲಿನಿಂದ ಇನ್ನೊಬ್ಬ ಬಂದು ಬಂದೂಕು ಇಟ್ಟ. ಆಮೇಲೆ ಮತ್ತೊಬ್ಬ. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಕೂಗುವ ಚೈತನ್ಯ ಅವರಲ್ಲಿ ಉಳಿದೂ ಇರಲಿಲ್ಲ. ಹದಿನೇಳು ಬಂದೂಕುಗಳಾದವು. ಮೇಜು ಸಾಲದೆ ನೆಲದ ಮೇಲಿಟ್ಟರು. ಕೀರ್ತಿವರ್ಧನ್ ಮುಖ ಆಗ ನೋಡಬೇಕಿತ್ತು. ಒಬ್ಬ ಮನುಷ್ಯ ಸತ್ತದ್ದಕ್ಕೆ ಬೆವರದಿದ್ದವರು, ಬಂದೂಕಿಲ್ಲದ ದಳದ ಫೋಟೋ ಮಂತ್ರಿಗಳಿಗೆ ಹೇಗೆ ಕಾಣುವುದೆಂದು ನೆನೆದು ಬೆವರಿದರು.

ಗುಳಿಗೆ ಪರೇಡ್ ಆ ವಾರವೇ ನಿಂತಿತು. ‘ದಾಸ್ತಾನಿನ ಕೊರತೆಯಿಂದಾಗಿ’ ಎಂದು ಆದೇಶದಲ್ಲಿತ್ತು. ತಪ್ಪಾಯಿತು ಎನ್ನುವುದಕ್ಕೆ ಸರ್ಕಾರಿ ಭಾಷೆಯಲ್ಲಿ ಶಬ್ದವಿಲ್ಲ. ಕೊರತೆ ಎನ್ನುವುದಕ್ಕೆ ನೂರಿವೆ. ಪ್ರಶಸ್ತಿ ಬೇರೆ ದಳಕ್ಕೆ ಹೋಯಿತು. ಕಮಾಂಡೆಂಟರಿಗೆ ರಾಜಧಾನಿಯಲ್ಲಿ ಇದಕ್ಕಿಂತ ದೊಡ್ಡ ಕುರ್ಚಿ ಸಿಕ್ಕಿತು, ತಂಪು ಕೋಣೆಯಲ್ಲಿ. ಅಣ್ಣನ ಅಮಾನತು ಎರಡು ತಿಂಗಳಿಗೆ ತೆರವಾಯಿತು, ಅಶಿಸ್ತಿಗಾಗಿ ಒಂದು ಛೀಮಾರಿಯ ಜೊತೆ.

ಆ ಎರಡು ತಿಂಗಳು ಕಾಶವ್ವ ಅವನನ್ನು ಒಬ್ಬನೇ ಇರಲು ಬಿಡಲಿಲ್ಲ. ಮಿದುಳಿನ ಪೀಠಗಳ ಬೀಗ ಒಂದೇ ದಿನಕ್ಕೆ ಬಿಡುವುದಿಲ್ಲ. ಮೂರನೇ ವಾರ ಅವನು ಸಾರಿಗೆ ಉಪ್ಪು ಕಮ್ಮಿ ಎಂದ. ವೈನಿ ನನಗೆ ಫೋನು ಮಾಡಿ, “ಉಪ್ಪ ಕಮ್ಮಿ ಅಂದ್ರು,” ಎಂದು ಹೇಳಿ ಅತ್ತಳು. ಐದನೇ ವಾರ ಒಂದು ಮಧ್ಯಾಹ್ನ ಉಣ್ಣುತ್ತಾ ಕೂತವನು ತುತ್ತು ಕೈಯಲ್ಲಿ ಹಿಡಿದು ಶಿವಪುತ್ರನ ಹೆಸರು ಹೇಳಿದ. ಆಮೇಲೆ ಸಂಜೆಯವರೆಗೆ ಅತ್ತ. ಅಷ್ಟು ದಿನ ಎಲ್ಲಿಯೋ ತಡೆದು ನಿಂತಿದ್ದ ದುಃಖ ಬಂದು ಮುಟ್ಟಿತು. ಹೊತ್ತು ಮುಳುಗುವ ವೇಳೆಗೆ ಸಡಿಲವಾಯಿತು. ಎದ್ದು ಮುಖ ತೊಳೆದು, “ಅವನ ಮನಿಗೆ ಹೋಗಬೇಕು. ಇಂದೂನ್ನೂ ಕರಿ,” ಎಂದನಂತೆ.

ಮರುದಿನ ಬೆಳಿಗ್ಗೆ ಅಣ್ಣನೂ ನಾನೂ ಹೋದೆವು. ಶಿವಪುತ್ರನ ಹೆಂಡತಿ ನೀಲವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಣ್ಣ ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗುಳಿಗೆ, ಬಿಸಿಲು, ಕಟ್ಟೆಯ ಮೇಲಿನ ಬೂಟುಗಳು.

ಅವಳು ಮೊರ ಕೆಳಗಿಟ್ಟಳು. “ಜಾರಿ ಬೀಳೂ ಮನಿಷಾ ಅಲ್ಲ ಅಂವಾ, ನನಗ ಗೊತ್ತಿತ್ತು ಅಣ್ಣಾ. ಊರಾಗಿನವ್ರಿಗೂ ಗೊತ್ತಿತ್ತು. ಅದಕ್ಕ ಎಲ್ಲಾರೂ ಬಂದು ನನ್ನ ಕೇಳಿದ್ರು, ಮನ್ಯಾಗ ಏನ್ ಜಗಳಾ ಆಗಿತ್ತು ಅಂತ. ನಮ್ಮತ್ತಿ ಎರಡು ತಿಂಗಳಾತು ನನ್ನ ಕೈಯಾಗಿಂದು ನೀರು ಕುಡದಿಲ್ಲ.”

ಅವಳು ಅಣ್ಣನ ಕಡೆ ಸರಿದು ಕೂತಳು.

“ಇದನ್ನೆಲ್ಲಾ ಬರದು ಕೊಡ್ತೀರೇನು?” ಎಂದಳು.

ಸರ್ಕಾರಿ ನೌಕರ ಹಾಗೆ ಬರೆದುಕೊಡುವಂತಿಲ್ಲ. ಅಮಾನತು ಬೇರೆ ಇನ್ನೂ ತೆರವಾಗಿರಲಿಲ್ಲ. ಅಣ್ಣ ನನ್ನ ಚೀಲದಿಂದ ಕಾಗದ ಪೆನ್ನು ಈಸಿಕೊಂಡು ಬರೆದ. ಕೆಳಗೆ ಹೆಸರು, ಹುದ್ದೆ, ದಳದ ನಂಬರು ಹಾಕಿದ. ನೀಲವ್ವ ನನ್ನ ಕಡೆ ತಿರುಗಿದಳು. “ಬಾಯಾರ, ಗುಳಿಗಿ ಚೊಲೋ ಐತಿ ಅಂತ ಹೇಳಿದವರು ಯಾರು?”

“ನಾನು,” ಎಂದೆ.

ಬಯ್ಯುತ್ತಾಳೆಂದುಕೊಂಡೆ. “ಹಂಗಾರ ಅದನ್ನೂ ಬರೀರಿ,” ಎಂದಳು ಅಷ್ಟೇ. ಬರೆದೆ. ಇಷ್ಟು ವರ್ಷ ಬರೆದ ವರದಿಗಳಲ್ಲಿ ಅದೇ ಚಿಕ್ಕದು, ಎರಡು ಸಾಲಿನದು.

ಅವಳು ಕಾಗದ ತೆಗೆದುಕೊಂಡು ಒಳಮನೆಯ ಬಾಗಿಲಿಗೆ ಹೋದಳು. ಒಳಗೆ ಗೋಡೆಗೆ ಮುಖ ಮಾಡಿ ಮುದುಕಿಯೊಬ್ಬಳು ಮಲಗಿದ್ದಳು.

“ಅತ್ತೀ, ಏಳ್ರಿ. ಕೇಳ್ರಿ,” ಎಂದು ನೀಲವ್ವ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಮುದುಕಿ ಮೆಲ್ಲಗೆ ಎದ್ದು ಕೂತಳು. ಸಹಿಗಳವರೆಗೂ ಓದಿ ಮುಗಿಸಿದ ನೀಲವ್ವ ಅವನ್ನು ಬೆರಳಿಟ್ಟು ಅತ್ತೆಗೆ ತೋರಿಸಿದಳು. ಆಮೇಲೆ ಹೊರಗೆ ಬಂದು, ಹೊಸ್ತಿಲು ದಾಟಿ, ಮನೆಮುಂದಿನ ಕಟ್ಟೆಯ ಮೇಲೆ ನಿಂತು, ಆಚೆಮನೆ ಈಚೆಮನೆಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಮೊದಲಿನಿಂದ ಮತ್ತೊಮ್ಮೆ ಓದಿದಳು.